ಪಕ್ಕೀರಪ್ಪನ ಎಡಗಾಲು

ಮೊಣಕಾಲು ನೋವು ಯಾರ ಮನೆಯಲ್ಲಿಲ್ಲ ಹೇಳಿ? ಗುಡೇಕೋಟೆಯ ಪಕ್ಕೀರಪ್ಪನಿಗೂ ಬಂದಿತ್ತು. ಎಡಗಾಲಿಗೆ ಮಾತ್ರ. ಅದೂ ಕಾರು ಓಡಿಸಿದ ದಿನ ಮಾತ್ರ. ಇಷ್ಟೆಲ್ಲ ಗೊತ್ತಿದ್ದರೂ ಅವನು ಕಾರಿನ ಮೇಲೆ ಅನುಮಾನ ಪಡಲಿಲ್ಲ. ತನಗೆ ವಯಸ್ಸಾಯಿತು ಅಂದುಕೊಂಡ.

ಪಕ್ಕೀರಪ್ಪ ಹೈಸ್ಕೂಲಿನಲ್ಲಿ ಅಟೆಂಡರ್ ಆಗಿ ನಿವೃತ್ತನಾದವನು. ನೌಕರಿಯಲ್ಲಿದ್ದಾಗಲೇ ಒಂದು ಬಿಳಿ ಕಾರು ತಂದಿದ್ದ. ಆ ಓಣಿಗೆ ಬಂದ ಮೊದಲ ಕಾರು ಅದು. ಆ ದಿನಗಳೇ ಬೇರೆ ಬಿಡಿ. ಯಾರಿಗೆ ಹೆರಿಗೆ ನೋವು ಬಂದರೂ ಪಕ್ಕೀರಪ್ಪನ ಬಾಗಿಲು ಬಡಿಯುತ್ತಿದ್ದರು. ಮದುಮಗಳು ಬರುತ್ತಿದ್ದುದೂ ಅದೇ ಕಾರಿನಲ್ಲಿ. ಸೋಮವಾರ ಬಂತೆಂದರೆ ಹೆಂಡತಿ ಮಾಳಮ್ಮನನ್ನು ಮುಂದೆ ಕೂರಿಸಿಕೊಂಡು ಕೊಟ್ಟೂರಿಗೆ ಹೊರಡುತ್ತಿದ್ದ. ಗುಡಿಯಲ್ಲಿ ಕಾಯಿ ಒಡೆಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು, ಸಂಜೆಯೊಳಗೆ ವಾಪಸ್. ದಾರಿಯುದ್ದಕ್ಕೂ ಮಾಳಮ್ಮ ಕಿಟಕಿ ಇಳಿಸಿ ಗಾಳಿಗೆ ಮುಖ ಕೊಟ್ಟು ಕೂರುತ್ತಿದ್ದಳು. ಮನೆಯಲ್ಲಿ ಆಡದ ಮಾತೆಲ್ಲ ಆ ದಾರಿಯಲ್ಲಿ ಆಡುತ್ತಿದ್ದಳು.

ಕಾರಿಗೆ ಪಕ್ಕೀರಪ್ಪ ಮಾಡುತ್ತಿದ್ದ ಆರೈಕೆಯೂ ಹಳೆಯ ಕಾಲದ್ದೇ. ಅವನ ಅಪ್ಪ ಬಂಡಿ ಹೊಡೆಯುತ್ತಿದ್ದವನು. ಅಮಾವಾಸ್ಯೆ ಬಂದರೆ ಬಂಡಿ ತೊಳೆದು, ಪೂಜೆ ಮಾಡಿ, ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ. ಮಗನೂ ಹಾಗೆಯೇ ಅಮಾವಾಸ್ಯೆಗೊಮ್ಮೆ ಕಾರು ತೊಳೆದು, ನಿಂಬೆಹಣ್ಣು ಕಟ್ಟಿ, ಬಾನೆಟ್ ಎತ್ತಿ, ಎಡಗಾಲಲ್ಲಿ ತುಳಿಯುವ ಕ್ಲಚ್ಚಿನ ಕೇಬಲ್ ಬಾಯಿಗೆ ಹಳೆಯ ಎಂಜಿನ್ ಆಯಿಲ್ ಬಿಡುತ್ತಿದ್ದ. ಕ್ಲಚ್ ಬಿಗಿಯಾದಷ್ಟೂ ಎಣ್ಣೆ ಹೆಚ್ಚು ಬಿಟ್ಟ. ಎಣ್ಣೆ ಬಿಟ್ಟಷ್ಟೂ ಕ್ಲಚ್ ಇನ್ನೂ ಬಿಗಿಯಾಯಿತು.

ಕೊನೆಗೆ ಕೊಟ್ಟೂರಿನ ಪ್ರಯಾಣ ನಿಂತಿತು. ಇನ್ನು ತನ್ನ ಕೈಲಿ ಆಗುವುದಿಲ್ಲ ಎಂದು ಪಕ್ಕೀರಪ್ಪ ಕಾರು ಮಾರಲು ಒಪ್ಪಿಬಿಟ್ಟ. ಹರಪನಹಳ್ಳಿಯವರೊಬ್ಬರು ಭಾನುವಾರ ಬಂದು ಒಯ್ಯುವುದೆಂದು ಮಾತಾಯಿತು. ಮಾಳಮ್ಮ ಬೇಡ ಅನ್ನಲಿಲ್ಲ. ಕಾರಿನ ಮುಂದಿನ ಸೀಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಳಗೆ ಹೋದಳು.

ಶನಿವಾರ ಪಕ್ಕದ ಮನೆಯ ಶೈಲಾ ತವರಿಗೆ ಬಂದಳು. ಕೊಟ್ಟೂರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಅವಳು ಕಾರು ಕಲಿಸುತ್ತಾಳೆ. ಹತ್ತನೇ ತರಗತಿ ಪರೀಕ್ಷೆಯ ದಿನ ಬಸ್ಸು ತಪ್ಪಿ ಅಳುತ್ತಾ ನಿಂತಿದ್ದವಳನ್ನು ಕೂಡ್ಲಿಗಿಗೆ ಮುಟ್ಟಿಸಿದ್ದು ಇದೇ ಕಾರು. ಮಾರುತ್ತಾರೆ ಎಂದು ಕೇಳಿ ಅವಳಿಗೆ ತಡೆಯಲಾಗಲಿಲ್ಲ. ಒಂದು ಸಲ ಓಡಿಸಿ ನೋಡುತ್ತೇನೆ ಎಂದು ಕೀಲಿ ಇಸಿದುಕೊಂಡಳು. ಓಣಿಯ ತಿರುವಿನವರೆಗೆ ಹೋದವಳು ಅಲ್ಲಿಂದಲೇ ಹಿಂದಿರುಗಿ, ಮೊಣಕಾಲು ತಿಕ್ಕಿಕೊಳ್ಳುತ್ತಾ ಇಳಿದಳು.

"ಮಾವ, ದಿನಾ ಕ್ಲಚ್ ತುಳಿಯೋದ ನನ್ನ ಕೆಲಸ. ನನ್ನ ಕಾಲೂ ನೋಯಾಕತ್ತೈತಿ. ಹಂಗಾರ ನಂಗೂ ವಯಸ್ಸಾತೇನು?"

ಪಕ್ಕೀರಪ್ಪ ಒಪ್ಪಲಿಲ್ಲ. ಹಳೆಯ ಗಾಡಿ ಹೀಗೆಯೇ ಇರುತ್ತದೆ, ಈ ಸಲ ಎಣ್ಣೆ ಕಡಿಮೆ ಬಿದ್ದಿರಬೇಕು ಎಂದ. ಶೈಲಾ ಅವನ ಜೊತೆ ವಾದಕ್ಕೆ ನಿಲ್ಲದೆ ಕೂಡ್ಲಿಗಿಯ ಮೆಕ್ಯಾನಿಕ್ ಹುಲುಗೇಶನಿಗೆ ಫೋನ್ ಮಾಡಿ, ಯಾವ ಕಾರು, ಕ್ಲಚ್ ಎಷ್ಟು ಬಿಗಿ ಎಂದೆಲ್ಲ ಹೇಳಿದಳು. ಅವನು ಬೈಕಿನಲ್ಲಿ ಹೊಸ ಕೇಬಲ್ ಹಿಡಿದುಕೊಂಡೇ ಬಂದ.

ಹುಲುಗೇಶ್ ಎಂಜಿನ್ ಆರಿಸಿ, ಗೇರ್‌ಬಾಕ್ಸ್ ಕಡೆ ಕೇಬಲ್ಲಿನ ತುದಿ ಬಿಚ್ಚಿದ. ಮೊದಲು ಪೆಡಲನ್ನು ಕೈಯಲ್ಲಿ ಆಡಿಸಿದ. ಅದರ ಕೀಲು ಎಲ್ಲೂ ಹಿಡಿಯಲಿಲ್ಲ. ಗೇರ್‌ಬಾಕ್ಸಿನ ಲಿವರ್ ಒತ್ತಿ ನೋಡಿದ. ಅದೂ ಸರಿಯಾಗಿತ್ತು. ಆಮೇಲೆ ಕೇಬಲ್ಲನ್ನು ಎಳೆದ. ಅದು ತಡೆದು ತಡೆದು ಬಂತು. ಹೊರಗೆ ತೆಗೆದು ನೋಡಿದರೆ ಎಣ್ಣೆಯೂ ದಾರಿಯ ಧೂಳೂ ಸೇರಿ ಒಳಗೆ ಗಟ್ಟಿ ಜಿಡ್ಡಾಗಿತ್ತು. ತಂತಿಯ ಎಳೆಗಳು ಅಲ್ಲಲ್ಲಿ ಕಿತ್ತುಹೋಗಿದ್ದವು. ಇನ್ನು ಕೆಲವು ದಿನ ಬಿಟ್ಟಿದ್ದರೆ ನಡುದಾರಿಯಲ್ಲಿ ಹರಿಯುತ್ತಿತ್ತು ಎಂದ.

ಪಕ್ಕೀರಪ್ಪ ಆ ಕೇಬಲ್ಲನ್ನು ಕೈಗೆ ತೆಗೆದುಕೊಂಡು ಜಿಡ್ಡನ್ನು ಉಗುರಿನಿಂದ ಕೆರೆದ.

"ನಮ್ಮಪ್ಪ ಎಣ್ಣಿ ಹಾಕದ ಬಂಡಿ ಹೂಡ್ತಿರಲಿಲ್ಲ ಯವ್ವಾ" ಎಂದ ಮೆಲ್ಲಗೆ.

"ಬಂಡಿಗೆ ಅದು ಸರಿ ಐತಿ ಮಾವ. ಈ ಕೇಬಲ್ ಒಳಗ ಪ್ಲಾಸ್ಟಿಕ್ ಕೊಳವಿ ಐತಿ. ಎಣ್ಣಿ ಬಿಟ್ರ ಧೂಳು ಹಿಡಿತೈತಿ. ನೀವು ಪ್ರೀತೀಲೇ ಹಾಕೀರಿ, ಅದಕ್ಕ ಅದು ಒಗ್ಗಲಿಲ್ಲ, ಅಷ್ಟ" ಎಂದಳು ಶೈಲಾ.

ಹುಲುಗೇಶ್ ಹೊಸ ಕೇಬಲ್ ಹಾಕಿ, ಪೆಡಲಿನ ಕೀಲಿಗೆ ಮಾತ್ರ ಚೂರು ಗ್ರೀಸ್ ಸವರಿದ. ಪೆಡಲ್ ತುಳಿದ ಕೂಡಲೇ ಬಿಗಿಯಾಗದೆ ಮೊದಲು ಸ್ವಲ್ಪ ಸಡಿಲವಾಗಿ ಆಡುವಂತೆ ಹೊಂದಿಸಿದ. ಗೇರ್ ಬದಲಿಸದೆ ಸುಮ್ಮನೆ ಹೋಗುವಾಗಲೂ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಕೂರುವ ಮಾವನ ಅಭ್ಯಾಸವನ್ನು ಶೈಲಾ ಆಗಲೇ ಎತ್ತಿ ಆಡಿದಳು. ಹಾಗೆ ಇಟ್ಟರೆ ಒಳಗಿನ ಕ್ಲಚ್ ಪ್ಲೇಟೂ ಬೇಗ ಸವೆಯುತ್ತದಂತೆ.

ಪಕ್ಕೀರಪ್ಪ ಸೀಟಿನಲ್ಲಿ ಕೂತು ಒಮ್ಮೆ ತುಳಿದ. ಬಿಟ್ಟು ಮತ್ತೆ ತುಳಿದ. ಮೊದಲ ದಿನ ಕಾರು ತಂದಾಗ ಹೀಗೆಯೇ ಇತ್ತಲ್ಲ ಎಂದು ನೆನಪಾಗಿ ಕಣ್ಣು ತುಂಬಿ ಬಂತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ಕರೆದ.

"ಮಾಳಿ, ನನ್ನ ಕಾಲಿಗೆ ಏನೂ ಆಗಿಲ್ಲ ಬಾ."

ಹರಪನಹಳ್ಳಿಯವರಿಗೆ ಅಂದೇ ಫೋನ್ ಹೋಯಿತು, ಬರಬೇಡಿ ಎಂದು. ಸೋಮವಾರ ಬೆಳಿಗ್ಗೆ ಬಿಳಿ ಕಾರು ಕೊಟ್ಟೂರಿನ ದಾರಿ ಹಿಡಿಯಿತು. ಮಾಳಮ್ಮ ಕಿಟಕಿ ಇಳಿಸಿದಳು. ಊರು ದಾಟುವಷ್ಟರಲ್ಲಿ ಮಾತು ಶುರುವಾಗಿತ್ತು.

ಕೇಳಿದಿರಲ್ಲ, ಅಣ್ಣ ಅಕ್ಕಂದಿರೇ? ನಿಮ್ಮ ಕಾರಿನ ಕ್ಲಚ್ ದಿನದಿನಕ್ಕೆ ಬಿಗಿಯಾಗುತ್ತಿದ್ದರೆ ಇನ್ನೊಬ್ಬರಿಗೆ ಕೊಟ್ಟು ತುಳಿಸಿ ನೋಡಿ. ಅವರಿಗೂ ಬಿಗಿ ಅನಿಸಿದರೆ ತಡಮಾಡದೆ ಮೆಕ್ಯಾನಿಕ್ ಹತ್ತಿರ ತೋರಿಸಿ. ಕೇಬಲ್ಲೂ ಪೆಡಲೂ ಸರಿಯಿದ್ದರೆ ತೊಂದರೆ ಒಳಗಿನ ಕ್ಲಚ್ಚಿನಲ್ಲಿರಬಹುದು. ಕೇಬಲ್ ಇಲ್ಲದೆ ಆಯಿಲ್ ಮೇಲೆ ನಡೆಯುವ ಕ್ಲಚ್ಚೂ ಇರುತ್ತದೆ, ಅದನ್ನು ಬೇರೆ ರೀತಿ ನೋಡಬೇಕು. ಮನಸ್ಸಿಗೆ ಬಂದ ಎಣ್ಣೆ ಮಾತ್ರ ಬಿಡಬೇಡಿ. ವಯಸ್ಸು ಹೇಗೂ ಬರುತ್ತದೆ, ಬರಲಿ. ಅದಕ್ಕೂ ಮೊದಲು ಕೇಬಲ್ ನೋಡಿಸಿ.