ತೋಳಿನ ಕೆಳಗಿನ ದಿಂಬು

ದರ್ಜಿ ಮೌಲಾಸಾಬ ನನ್ನ ಹೊಟ್ಟೆಗೆ ಸ್ಪಂಜು ತುಂಬುತ್ತಿದ್ದ. ಮೂಲೆಮೂಲೆಗೂ ಬೆರಳು ತೂರಿಸಿ ಒತ್ತಿದ, ಬಾಯಿ ಹೊಲಿದ, ಪಟ್ಟಿ ಜೋಡಿಸಿದ. ನಾನು ಹುಟ್ಟಿದ್ದು ಹಾಗೆ. ನಾನೊಂದು ದಿಂಬು, ತಲೆಗಲ್ಲ, ತೋಳಿಗೆ. ಭುಜದ ಆಪರೇಷನ್ ಆದವರ ಸೊಂಟಕ್ಕೆ ನನ್ನನ್ನು ಕಟ್ಟುತ್ತಾರೆ. ತೋಳನ್ನು ಮೈಗೆ ತಾಗದಂತೆ ಎತ್ತಿ ಹಿಡಿಯುವುದೇ ನನ್ನ ಕೆಲಸ.

ನನ್ನ ಪಾಲಿಗೆ ಬಂದವಳು ದುಂಡವ್ವ. ಗದಗಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿದು ಬಡಿದೇ ಅವಳ ಬಲಭುಜದ ಸ್ನಾಯುಗಳು ಹರಿದು, ಹೊಲಿಯಲಾಗದಷ್ಟು ಸವೆದಿದ್ದವು. ಡಾಕ್ಟರು ಬೆನ್ನಿನ ಸ್ನಾಯುವೊಂದರ ತುದಿ ಬಿಡಿಸಿ ತಂದು ಭುಜದ ಎಲುಬಿಗೆ ಹೊಲಿದಿದ್ದರು.

"ಅದು ಹತ್ಕೊಳ್ಳೋತನಕ ದಿಂಬು ಬಿಚ್ಚಬ್ಯಾಡ್ರಿ ಅವ್ವಾ. ಕಿತ್ತು ಬಂತಂದ್ರ ಕೈ ಮತ್ತ ಮ್ಯಾಲೆ ಏಳೂದಿಲ್ಲ."

"ಬಿಚ್ಚಂಗಿಲ್ರಿ. ನನ್ನ ಹೆರಳು ನಾನಽ ಹಾಕ್ಕೊಂಡ್ರ ಸಾಕು."

ಹಾಗೇ ನಡೆದುಕೊಂಡಳು. ಕೂತೇ ನಿದ್ದೆ ಮಾಡಿದಳು. ಬೆವರಿಗೆ ನಾನು ಹುಳಿವಾಸನೆ ಹೊಡೆದರೂ ಬೈಯಲಿಲ್ಲ.

ಒಂದು ಮಧ್ಯಾಹ್ನ ಬೀಗರು, ಸೊಸೆ ಸುನಂದಾಳ ತಂದೆ, ಮನೆಗೆ ಊಟಕ್ಕೆ ಬಂದರು.

"ಏನ್ರಿ ಬೀಗತಿ, ಒಂದಽ ರೆಕ್ಕಿ ಮೂಡೇತಲ್ಲ! ಇನ್ನೊಂದು ಬಂದ ಮ್ಯಾಲೆ ಹಾರ್ತೀರೇನು?"

"ಹಾರಿ ನಿಮ್ಮ ಮಾಳಿಗಿ ಮ್ಯಾಲೇ ಕುಂದರ್ತೀನಿ, ತಡೀರಿ!"

ನಗು ಮುಗಿಯಿತು, ತಾಟು ಬಂತು. ಬೀಗರಿಗೆ ಮೊದಲ ರೊಟ್ಟಿ ಮನೆಯ ಹಿರಿಯಳೇ ಬಡಿಸಬೇಕು.

"ಅತ್ತಿ, ನಾ ಬಡಸ್ತೀನ್ರಿ," ಅಂದಳು ಸುನಂದಾ.

"ನಾ ಇನ್ನೂ ಅದೀನಿ. ನೀ ಪಲ್ಯಾ ತಗೊಂಬಾ."

ದುಂಡವ್ವನ ಎಡಗೈ ರೊಟ್ಟಿಯತ್ತ ಹೋಯಿತು, ಹಿಂದಕ್ಕೆ ಬಂತು. ಬೀಗರ ತಾಟಿಗೆ ಎಡಗೈಯೇ? ಆ ಕೈ ನನ್ನ ಪಟ್ಟಿ ಎಳೆಯಿತು. ಬೇಡ ಎನ್ನಲು ನನಗೆ ಬಾಯಿಲ್ಲ.

ನೆಲಕ್ಕೆ ಬಿದ್ದೆ. ಬಲಗೈ ರೊಟ್ಟಿ ಹಿಡಿದು ಮುಂದೆ ಚಾಚಿದ್ದು ಕೆಳಗಿನಿಂದ ಕಂಡಿತು. ಭುಜದೊಳಗೆ ಏನೋ ಪಟ್ಟನೆ ಸಡಿಲಿತು. ಅವಳ ಮೇಲ್ದುಟಿ ಬೆವರಿತು. ರೊಟ್ಟಿ ಮಾತ್ರ ತಾಟಿನ ನಡುವೆಯೇ ಬಿತ್ತು.

"ನಿಮ್ಮ ಕೈಲೆ ಬಿದ್ರನಽ ರೊಟ್ಟಿಗೆ ರುಚಿ," ಅಂದರು ಬೀಗರು.

ಸುನಂದಾ ಬರುವಷ್ಟರಲ್ಲಿ ದುಂಡವ್ವ ಸೆರಗಿನ ಮರೆಯಲ್ಲಿ ನನ್ನನ್ನು ಕಟ್ಟಿಕೊಂಡಿದ್ದಳು. ಯಾರಿಗೂ ಹೇಳಲಿಲ್ಲ. ಅಂದಿನಿಂದ ಆ ತೋಳು ನನ್ನ ಮೇಲೆ ಬೇರೆಯೇ ಭಾರ ಬಿಡುತ್ತಿತ್ತು.

ಡಾಕ್ಟರು ಹೇಳಿದ್ದ ಗಡುವು ಮುಗಿದ ದಿನ ಆಸ್ಪತ್ರೆಯಲ್ಲಿ ನನ್ನನ್ನು ಬಿಚ್ಚಿ ಕುರ್ಚಿಯ ಮೇಲಿಟ್ಟರು. ನನಗೂ ಮುಪ್ಪು ಬಂದಿತ್ತು. ಸ್ಪಂಜು ಚಪ್ಪಟೆ, ಪಟ್ಟಿ ಸಡಿಲ. ಹೊರುವುದಷ್ಟೇ ನನ್ನದು, ಕಾಯುವುದು ನನ್ನ ಕೈಯಲ್ಲಿಲ್ಲ ಎಂದು ಗೊತ್ತಾಗಿತ್ತು.

"ಕೈ ಎತ್ರಿ ಅವ್ವಾ," ಅಂದರು ಡಾಕ್ಟರು.

ಭುಜ ಕಿವಿಯ ಹತ್ತಿರಕ್ಕೆ ಎದ್ದಿತು. ಕೈ ತೊಡೆಯ ಬಳಿಯೇ ಉಳಿಯಿತು. ಡಾಕ್ಟರು ಬೆನ್ನಿನ ಆ ಸ್ನಾಯು ಮುಟ್ಟಿ ನೋಡಿ ಮತ್ತೊಮ್ಮೆ ಎತ್ತಿಸಿದರು. ಸುನಂದಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ದುಂಡವ್ವ ಎಡಗೈಯಿಂದ ನನ್ನನ್ನೆತ್ತಿ ಡಾಕ್ಟರ ಮುಂದೆ ಹಿಡಿದಳು.

"ಇನ್ನೊಂದೀಟು ದಿವಸ ಕಟ್ರಿ."