ಗಾರ್ಡಿಗೆ ಕಟ್ಟಿದ ನೂಲು

"ಶೀಟಿನ ಮ್ಯಾಲೆ ರಕ್ತ ಸುರಿಸ್ಬ್ಯಾಡ ಕಣೇ ಮುಂಡೇದೆ! ಆ ಕಡೆ ಸಾಯಿ!"

ಅಂಜಿನಮ್ಮನ ಎರಡು ಬೆರಳು ಪಂಚಿಂಗ್ ಮಷಿನ್ನಿನ ಬಾಯಲ್ಲಿ ಜಜ್ಜಿಹೋಗಿದ್ದವು. ನಮ್ಮ ಪ್ರೆಸ್ಸಿನ ಓನರ್ ಚಲಪತಿ ಮೊದಲು ಹಿಡಿದದ್ದು ಅವಳ ಕೈಯನ್ನಲ್ಲ, ಕೆಳಗೆ ಬಿದ್ದ ಶೀಟನ್ನು. ಸೈಟು ಮಾರುವ ಜಾಹೀರಾತಿನ ದಪ್ಪ ಆರ್ಟ್ ಕಾರ್ಡು. ಅದರ ಮೇಲೆ ನಾಲ್ಕು ಬಣ್ಣದಲ್ಲಿ ಮಾಕಳಿದುರ್ಗದ ಬೆಟ್ಟ, ಬೆಟ್ಟದ ಬುಡಕ್ಕೆ ಇನ್ನೂ ಹುಟ್ಟದ ಲೇಔಟು. ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದ.

"ಲ್ಯಾಮಿನೇಷನ್ ಆಗೈತೆ. ಕಲೆ ನಿಲ್ಲಲ್ಲ."

ಪಕ್ಕದಲ್ಲಿ ಅಂಟು ಹಚ್ಚುತ್ತಿದ್ದ ಭಾಗ್ಯಮ್ಮ ಸೆರಗು ಹರಿದು ಅವಳ ಕೈಗೆ ಸುತ್ತಿ ಆಟೋ ಹತ್ತಿಸಿದಳು. "ಆಸ್ಪತ್ರೇಲಿ, ಕೈ ಮನೆ ಮಗ್ಗಕ್ಕೆ ಸಿಕ್ತು ಅನ್ರಮ್ಮಾ!" ಚಲಪತಿ ಹಿಂದಿನಿಂದ ಕೂಗಿದ.

ಆ ಮಷಿನ್ನಿನ ಬಾಯಿಗೆ ಅಡ್ಡ ಒಂದು ಗಾರ್ಡು ಇದೆ. ಕೈ ತಗುಲಿದರೆ ಸಾಕು, ಮಷಿನ್ ನಿಲ್ಲುತ್ತದೆ. ನಿಂತರೆ ಕೆಲಸ ನಿಧಾನ. ಅದಕ್ಕೇ ಪುಣ್ಯಾತ್ಮ ಚಲಪತಿ ಮಗ್ಗದ ನೂಲನ್ನು ಹುರಿ ಮಾಡಿ ಗಾರ್ಡನ್ನು ಎತ್ತಿ ಕಟ್ಟಿದ್ದ.

ಆ ಲೇಔಟಿನ ಮಾಲೀಕ ಅನಿಲ್‌ಕುಮಾರ್ ಆಗಲೇ ಬಂದು ಕುಳಿತಿದ್ದ. ಅವನಿಗೆ ಕಾಫಿ.

"ರೇಟು ಇನ್ನೊಸಿ ಇಳ್ಸಪ್ಪಾ."

"ಯಾವುದ್ರಲ್ಲಿ ಇಳಿಸ್ಲಿ ಸಾರ್? ಪೇಪರ್‌ನೋನು ನನ್ ಮಾತು ಕೇಳಲ್ಲ. ಕಲರ್ ಕಲರ್‌ಗೂ ಒಂದೊಂದು ಪ್ಲೇಟು. ಮ್ಯಾಲೆ ನೀವು ಚಿನ್ನದ್ ಫಾಯಿಲ್ ಕೇಳಿದ್ರಿ. ಅದೂ ನಾಳೇಗೇ ಬೇಕು."

"ಹೋದ್ಸಲ ಹೆಂಗ್ ಇಳ್ಸಿದ್ದೆ ಮತ್ತೆ?"

"ಒಳಗೆ ಜನ ಅವ್ರಲ್ಲಾ ಸಾರ್!"

ಇಬ್ಬರೂ ನಕ್ಕರು. ಚಲಪತಿ ನನ್ನತ್ತ ತಿರುಗಿದ.

"ಏನ್ಲಾ ಸಂತೋಷ, ಬಾಯ್ ಬಿಟ್ಕಂಡು ನಿಂತಿದ್ದೀಯಾ ಬಡ್ಡೀಮಗನೆ? ಮಷಿನ್ ಒರೆಸು. ಇವತ್ತಿಂದ ಅವಳ ಜಾಗ ನಿಂದು."

ಒರೆಸಿದೆ. ಕಬ್ಬಿಣದ ಮೇಲಿನದು ಹೋಯಿತು. ನೂಲಿಗೆ ಹತ್ತಿದ್ದು ಹೋಗಲಿಲ್ಲ. ಬ್ಲೇಡು ತಂದು ನೂಲು ಕೊಯ್ದೆ. ಗಾರ್ಡು ಠಣ್ಣೆಂದು ಕೆಳಗೆ ಬಿತ್ತು.

"ಯಾವೋನ್ಲಾ ಕೊಯ್ಯಾಕೆ ಹೇಳಿದ್ದು? ಕಟ್ಲಾ!"

ನೂಲನ್ನು ಅನಿಲ್‌ಕುಮಾರನ ಕಾಫಿ ಲೋಟದ ಪಕ್ಕ ಇಟ್ಟೆ. "ನೀವೇ ಕಟ್ಟಿ ಓನರ್ರೇ. ಕಟ್ಟಿ, ಮೊದಲ್ನೇ ಶೀಟೂ ನೀವೇ ಇಡಿ. ಇಲ್ಲಾಂದ್ರೆ ಸಾರ್ ಇಡ್ಲಿ. ಅರ್ಜೆಂಟು ಅವರ್ದೇ ಅಲ್ವಾ?"

"ಗೇಟಿಂದಾಚೆ ಬಿಸಾಕ್ತೀನಿ ನಿನ್ನ!"

"ಬಿಸಾಕಿ. ಮೊದ್ಲು ಕಟ್ಟಿ."

ಅಂಟು ಹಚ್ಚುತ್ತಿದ್ದ ಹೆಂಗಸರು ಬ್ರಷ್ ಕೆಳಗಿಟ್ಟರು. ಅವರಲ್ಲಿ ಹಿರಿಯಳಾದ ಸಪ್ಪಲಮ್ಮ ಎದ್ದು ಬಂದು, ಮೇಜಿನ ಮೇಲಿದ್ದ ಆ ಬೆಟ್ಟದ ಶೀಟನ್ನು ಎತ್ತಿ ಅನಿಲ್‌ಕುಮಾರನ ಮುಂದೆ ಹಿಡಿದಳು.

"ಇಡಿ ಸಾಮಿ, ನೋಡಾಣ."

ಅನಿಲ್‌ಕುಮಾರ್ ಎದ್ದು ನಿಂತ. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತೂರಿಸಿಕೊಂಡ.