ಕೆಂಚನ ಭಯ

ಗಂಗಾಧರಯ್ಯ ಮೇಷ್ಟ್ರು ಶಾಲೆಗೆ ಹೊರಡಲು ಹಿತ್ತಲಿನಿಂದ ಸೈಕಲ್ ತೆಗೆಯುತ್ತಿದ್ದರು. ಹುಣಸೆ ಮರಕ್ಕೆ ಕಟ್ಟಿದ್ದ ನಾಯಿ ಕೆಂಚ ಹಗ್ಗ ಕಿತ್ತುಕೊಂಡು ಬಂದು ಅವರ ಮೀನಖಂಡಕ್ಕೆ ಬಾಯಿ ಹಾಕಿತು. ಹೆಂಡತಿ ಗುರುಸಿದ್ದಮ್ಮ ಓಡಿ ಬರುವಷ್ಟರಲ್ಲಿ ಪಂಚೆಯೆಲ್ಲ ರಕ್ತ. ನಾಯಿ ಆಗಲೇ ಬಚ್ಚಲ ಮೂಲೆ ಸೇರಿ, ಬಾಲವನ್ನು ಹೊಟ್ಟೆಯಡಿ ಸೇರಿಸಿಕೊಂಡು ನಡುಗುತ್ತಿತ್ತು.

ಕೆಂಚ ಗುರುಸಿದ್ದಮ್ಮನವರ ಅಣ್ಣ ನಂಜಪ್ಪನ ನಾಯಿ. ಗಂಡಸಿ ಊರಿನ ತನ್ನ ಕೊಬ್ಬರಿ ಗೋದಾಮಿನ ಕಾವಲಿಗೆಂದು ಮರಿಯಲ್ಲೇ ಕಟ್ಟಿಹಾಕಿ, ರೋಷ ಹೆಚ್ಚಲೆಂದು ದಿನವೂ ಹೊಡೆದು ಬೆಳೆಸಿದ್ದ. ಗೋದಾಮು ಮುಚ್ಚಿದಾಗ ವಿಷ ಹಾಕಲು ಹೊರಟ. ಮನಸ್ಸು ತಡೆಯದೆ ಗುರುಸಿದ್ದಮ್ಮ ಮನೆಗೆ ತಂದಿದ್ದರು. ಇಲ್ಲಿಯೂ ಬೊಗಳಿದಾಗಲೆಲ್ಲ ಮೇಷ್ಟ್ರ ಬೆತ್ತ ಅದರ ಬೆನ್ನ ಮೇಲೆ ಬೀಳುತ್ತಿತ್ತು.

ಹೊಕ್ಕುಳ ಸುತ್ತ ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದ ಮೇಷ್ಟ್ರು ಕುದಿಯುತ್ತಿದ್ದರು. "ಇದಕ್ಕೊಂದು ಗತಿ ಕಾಣಿಸ್ತೀನಿ. ನಾಲ್ಕೇಟು ಬಿಟ್ರೆ ಎಂಥಾ ಮಕ್ಕಳೂ ದಾರಿಗೆ ಬತ್ತವೆ. ಇದಕ್ಕೇನ್ ಕೊಬ್ಬು?"

"ಏಟು ತಿಂದು ತಿಂದೇ ಹಿಂಗಾಗಿರೋದು ಕಣ್ರೀ. ಹುಚ್ಚು ಹಿಡಿದೈತಾ ಅಂತ ಹೆಂಗೂ ಹತ್ತು ದಿನ ಕಟ್ಟಿ ನೋಡ್ಬೇಕಂತಲ್ಲ. ಅಲ್ಲೀಗಂಟ ಸುಮ್ನಿರಿ" ಎಂದ ಗುರುಸಿದ್ದಮ್ಮ ದನದ ಆಸ್ಪತ್ರೆಯ ಡಾಕ್ಟರ್ ಮಂಜುಶ್ರೀಯವರನ್ನು ಕರೆತಂದರು.

ಡಾಕ್ಟರ್ ದೂರದಿಂದಲೇ ನಾಯಿಯನ್ನು ಬಹಳ ಹೊತ್ತು ನೋಡಿದರು. "ಇದಕ್ಕಿರೋದು ಸಿಟ್ಟಲ್ಲಮ್ಮ, ಭಯ. ಎದುರಿಗೆ ನಿಂತು ದಿಟ್ಟಿಸ್ಬೇಡಿ. ದೂರದಲ್ಲಿ ಪಕ್ಕಕ್ಕೆ ತಿರುಗಿ ಕೂತ್ಕೊಳ್ಳಿ. ತಿನ್ನೋಕೆ ಏನಾದ್ರೂ ಹಾಕಿ. ಅದಾಗೇ ಹತ್ತಿರ ಬರೋವರೆಗೂ ಮುಟ್ಟೋಕೆ ಹೋಗ್ಬೇಡಿ."

ಮಧ್ಯಾಹ್ನವಾದರೆ ಗುರುಸಿದ್ದಮ್ಮ ಮೊರ ಹಿಡಿದು, ನಾಯಿಗೆ ಬೆನ್ನು ಮಾಡಿ ಹುರುಳಿ ಹಸನು ಮಾಡುತ್ತ ಕೂರತೊಡಗಿದರು. ತಮ್ಮಷ್ಟಕ್ಕೇ ಮಾತಾಡಿಕೊಳ್ಳುವಂತೆ ಏನೇನೋ ಹೇಳುತ್ತ, ಆಗಾಗ ಹಿಂದಕ್ಕೆ ರೊಟ್ಟಿ ಚೂರು ಎಸೆಯುತ್ತಿದ್ದರು. ಕಾಲಿಗೆ ಪಟ್ಟಿ ಕಟ್ಟಿಕೊಂಡು ರಜೆಯಲ್ಲಿದ್ದ ಮೇಷ್ಟ್ರು ಕಿಟಕಿಯಿಂದ ನೋಡಿ ನಗುತ್ತಿದ್ದರು. ಒಂದು ದಿನ ಅವರು ಊರುಗೋಲು ಎತ್ತಿ ಕಾಗೆ ಓಡಿಸಿದ್ದಕ್ಕೇ ಕೆಂಚ ನಿಂತಲ್ಲೇ ಉಚ್ಚೆ ಹುಯ್ದುಕೊಂಡು ಮುದುಡಿತು. ಆಮೇಲೆ ಅನ್ನವನ್ನೂ ಮೂಸಲಿಲ್ಲ. ಗುರುಸಿದ್ದಮ್ಮ ಮರುದಿನ ಇನ್ನಷ್ಟು ದೂರ ಕೂತು ಮತ್ತೆ ಮೊದಲಿನಿಂದ ಶುರುಮಾಡಿದರು. ಮೇಷ್ಟ್ರಿಗೆ ಅವತ್ತು ನಗು ಬರಲಿಲ್ಲ.

ಗಾಯ ಮಾಯುವ ಹೊತ್ತಿಗೆ ಕೆಂಚ ತಾನಾಗಿಯೇ ಬಂದು ಗುರುಸಿದ್ದಮ್ಮನವರ ತೊಡೆಯ ಮೇಲೆ ಮೂತಿ ಇಟ್ಟಿತು. ಕೊರಳಲ್ಲಿ ಹಗ್ಗ ಕೊರೆದು ಕೀವು ಕಟ್ಟಿತ್ತು. ಅವರು ಮುಲಾಮು ಹಚ್ಚುವಾಗ ಮೈಯೆಲ್ಲ ನಡುಗಿದರೂ ಹಲ್ಲು ತೋರಲಿಲ್ಲ.

ಮೇಷ್ಟ್ರು ಶಾಲೆಗೆ ಮರಳಿದರು. ಕಪ್ಪು ಹಲಗೆ ಒರೆಸಲು ಕೈ ಎತ್ತಿದ್ದೇ ತಡ, ಮುಂದಿನ ಸಾಲಿನ ದಿವ್ಯಶ್ರೀ ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡಳು. ಮಗ್ಗಿ ಬಾರದ ದಡ್ಡಿ ಎಂದು ಅವರು ದಿನವೂ ಬಾರಿಸುತ್ತಿದ್ದ ಹುಡುಗಿ. ಮೇಷ್ಟ್ರ ಕೈ ಅಲ್ಲೇ ನಿಂತಿತು. ಅವಳ ಮೈ ಮುದುಡಿದ ಪರಿಯನ್ನು ಅವರು ತಮ್ಮ ಹಿತ್ತಲಲ್ಲೇ ಕಂಡಿದ್ದರು.

ಅವರು ಬಂದು ಮಕ್ಕಳ ಚಾಪೆಯ ಮೇಲೆ, ಅವಳ ಪಕ್ಕದಲ್ಲಿ ಕೂತರು. "ಹೊಡೆಯಲ್ಲ ಕಣವ್ವ. ಬಂದಷ್ಟು ಹೇಳು. ತಪ್ಪಿದ್ರೆ ಇಬ್ರೂ ಸೇರಿ ಸರಿಮಾಡಾನ."

ದಿವ್ಯಶ್ರೀ ಮೆಲ್ಲಗೆ ತೋಳು ಇಳಿಸಿ, ಸಣ್ಣ ದನಿಯಲ್ಲಿ ಏಳರ ಮಗ್ಗಿ ಶುರುಮಾಡಿದಳು. ನಡುವೆ ತಡವರಿಸಿದಾಗ ಮೇಷ್ಟ್ರು ದನಿಗೂಡಿಸಿದರು. ಹುಡುಗಿ ಕೊನೆಯವರೆಗೂ ಹೇಳಿದಳು.

ಸಂಜೆ ಹಿತ್ತಲಿಗೆ ಬಂದ ಮೇಷ್ಟ್ರು ಹೆಂಡತಿಯ ಪಕ್ಕ ಕೂತರು. "ಆ ದಿವ್ಯಶ್ರೀ ಇವತ್ತು ಮಗ್ಗಿ ಹೇಳಿದ್ಲು ಕಣೆ."

"ಬರಾಕಿಲ್ಲ ಅಂತಿದ್ರಲ್ಲ?"

"ನಾನೇ ಹೇಳಾಕೆ ಬಿಟ್ಟಿರಲಿಲ್ಲ. ನೀನು ಅವತ್ತು ನನ್ನ ತಡೀದೆ ಇದ್ದಿದ್ರೆ..." ಅವರು ಕೆಂಚನ ಕಡೆ ನೋಡಿದರು. "ನಿನ್ನಿಂದ ದೊಡ್ಡ ಉಪಕಾರ ಆಯ್ತು ಕಣೆ."

ಮದುವೆಯಾದ ಮೇಲೆ ಅಂಥ ಮಾತು ಕೇಳಿರದ ಗುರುಸಿದ್ದಮ್ಮ ತಲೆ ತಗ್ಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ಅಂಗೈ ಬಿಚ್ಚಿ ನೆಲದ ಮೇಲಿಟ್ಟು ಬೇರೆಡೆ ನೋಡುತ್ತ ಕಾದರು. ಬೆಚ್ಚನೆಯ ಉಸಿರು ಬೆರಳಿಗೆ ತಾಗಿತು. ಕೆಂಚ ಮೂಸಿ ನೋಡಿ, ಅಲ್ಲೇ ಮಲಗಿತು.